ಇತಿಹಾಸ ತಪ್ಪಿದರೆ ಪ್ರೇಮಕಥೆಯೂ ಕೆಟ್ಟಿತೇ?

ಪ್ರಶ್ನೆ: ತುಮಕೂರಿನಲ್ಲಿ ನಾವು ಕೆಲವು ಗೆಳತಿಯರು, ಒಬ್ಬರು ನಿವೃತ್ತ ಇತಿಹಾಸದ ಮೇಷ್ಟ್ರು ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಈ ಸಲ ಹೊಯ್ಸಳರ ಕಾಲದ ಒಂದು ಪ್ರೇಮ ಕಾದಂಬರಿ. ಮೇಷ್ಟ್ರು ಪುಟ ಪುಟಕ್ಕೂ ತಪ್ಪು ಹಿಡಿದರು. ನನಗೆ ಓದುತ್ತಾ ಕಣ್ಣಲ್ಲಿ ನೀರು ಬಂದಿತ್ತು. ಇತಿಹಾಸ ತಪ್ಪಿದ್ದರೆ ಕಾದಂಬರಿ ಕೆಟ್ಟದ್ದು ಅಂತಲೇ? ಮುಂದಿನ ತಿಂಗಳು ನಾನೇ ವಿಮರ್ಶೆ ಓದಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಷ್ಟ್ರು ಹೇಳಿದ್ದೂ ಸರಿ, ನಿಮಗೆ ಅಳು ಬಂದಿದ್ದೂ ಸರಿ. ಈ ಜಗಳ ನಿಮ್ಮೊಬ್ಬರದ್ದಲ್ಲ, ಐತಿಹಾಸಿಕ ಪ್ರೇಮ ಕಾದಂಬರಿ ಓದುವ ಕಡೆಯೆಲ್ಲ ಇದೇ ಕಥೆ. ನನ್ನ ಅಭಿಪ್ರಾಯ ಇಷ್ಟು: ತಪ್ಪುಗಳನ್ನು ಎಣಿಸುತ್ತಾ ಕೂರಬೇಡಿ. ಆ ತಪ್ಪಿನಿಂದ ಪ್ರೇಮಕ್ಕೆ ಏನಾಯಿತು ಅಂತ ನೋಡಿ. ಇಬ್ಬರು ಪ್ರೇಮಿಗಳ ಮಧ್ಯೆ ನಿಂತ ಅಡ್ಡಿ ಆ ಕಾಲದ್ದೇ ಆಗಿದ್ದರೆ, ಅಡುಗೆಮನೆಯಲ್ಲಿ ಒಂದು ಟೊಮ್ಯಾಟೊ ಉರುಳಿದರೂ ಕಥೆಗೆ ಏನೂ ಆಗುವುದಿಲ್ಲ. ಅಡ್ಡಿಯೇ ಇವತ್ತಿನದಾದರೆ, ಇಸವಿಗಳೆಲ್ಲ ಸರಿಯಿದ್ದೂ ಉಪಯೋಗವಿಲ್ಲ.

ಟೊಮ್ಯಾಟೊ ಅಂದೆ. ಅದು, ಹಸಿಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿ ಎಲ್ಲವೂ ಅಮೆರಿಕ ಖಂಡದ ಬೆಳೆಗಳು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆಯೇ ಇವು ನಮ್ಮ ಕಡೆಗೆ ಬಂದವು. ಕೋಲಾರದ ಟೊಮ್ಯಾಟೊ ಮಂಡಿ, ಪಾವಗಡದ ಕಡಲೆಕಾಯಿ ಹೊಲ ನೋಡಿಕೊಂಡು ಬೆಳೆದವರಿಗೆ ಇದನ್ನು ನಂಬುವುದೇ ಕಷ್ಟ. ಹೊಯ್ಸಳರ ಮನೆಯಲ್ಲಿ ಖಾರ ಅಂದರೆ ಕರಿಮೆಣಸು, ಹಿಪ್ಪಲಿ. ನಾಯಕಿ ಗುಲ್‌ಮೊಹರ್ ಮರದ ಕೆಳಗೆ ಕಾಯುತ್ತಾ ನಿಂತಿದ್ದರೆ ಅದೂ ತಪ್ಪು, ಅದು ಮಡಗಾಸ್ಕರ್‌ನ ಮರ. ಇಂಥವಕ್ಕೆಲ್ಲ ವಿಮರ್ಶೆಯಲ್ಲಿ ಒಂದು ಸಾಲು ಸಾಕು. ಅವಳು ಹುಣಸೆ ಮರದ ಕೆಳಗೆ ನಿಂತಿದ್ದರೂ ಅಷ್ಟೇ ಹೊತ್ತು ಕಾಯುತ್ತಿದ್ದಳು, ಅಲ್ವಾ?

ತಪ್ಪು ಹಿಡಿಯುವ ಮೊದಲು ಅದು ತಪ್ಪು ಹೌದೋ ಅಲ್ಲವೋ ಅಂತಲೂ ನೋಡಿಕೊಳ್ಳಿ. ಹೊಯ್ಸಳ ರಾಣಿ ರೇಷ್ಮೆ ಉಟ್ಟರೆ ತಪ್ಪೇನಿಲ್ಲ. ಆದರೆ ಅದೇ ಕಾಲದ ಶಿಡ್ಲಘಟ್ಟದ ಹುಡುಗಿ ಹಿಪ್ಪುನೇರಳೆ ಸೊಪ್ಪು ಕತ್ತರಿಸಿ ಹುಳುಗಳಿಗೆ ಹಾಕುತ್ತಿದ್ದರೆ ತಪ್ಪು. ಮೈಸೂರು ಸೀಮೆಯಲ್ಲಿ ಆ ಕಸುಬು ಬೇರೂರಿದ್ದು ಟಿಪ್ಪುವಿನಿಂದ ಈಚೆಗೆ. ರಾಣಿ ಕನ್ನಡಿ ಹಿಡಿದು ಬೊಟ್ಟು ಇಟ್ಟುಕೊಳ್ಳಬಹುದು. ಬೇಲೂರಿನ ದರ್ಪಣ ಸುಂದರಿಯ ಕೈಯಲ್ಲೇ ಕನ್ನಡಿ ಇದೆಯಲ್ಲ. ಗಾಜಿನದ್ದಲ್ಲ, ಉಜ್ಜಿ ಉಜ್ಜಿ ಹೊಳಪು ಬರಿಸಿದ ಲೋಹದ್ದು, ಅಷ್ಟೇ.

ಈಗ ದೊಡ್ಡ ತಪ್ಪಿಗೆ ಬರೋಣ. ನಿಮ್ಮ ಪಕ್ಕದ ಶಿವಗಂಗೆಯನ್ನೇ ತೆಗೆದುಕೊಳ್ಳಿ. ಬೆಟ್ಟ ಹತ್ತಿದವರಿಗೆಲ್ಲ ಮೇಲೆ ಶಾಂತಲಾ ಡ್ರಾಪ್ ತೋರಿಸುತ್ತಾರೆ. ವಿಷ್ಣುವರ್ಧನನ ರಾಣಿ ಶಾಂತಲೆಗೆ ಮಕ್ಕಳಾಗಲಿಲ್ಲ, ಗಂಡ ಇನ್ನೊಬ್ಬಳನ್ನು ಮದುವೆಯಾಗಿ ವಂಶ ಬೆಳೆಸಲಿ ಅಂತ ತಾನೇ ಇಲ್ಲಿಂದ ಹಾರಿದಳು ಅನ್ನುವುದು ಜನ ಹೇಳುವ ಕಥೆ. ಅಳಿಸುವ ಕಥೆ, ಅನುಮಾನವೇ ಇಲ್ಲ. ಶ್ರವಣಬೆಳಗೊಳದ ಶಾಸನ ಹೇಳುವುದು ಬೇರೆ. 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಳು ಅನ್ನುತ್ತದೆ, ಹಾರಿದಳು ಅನ್ನುವುದಿಲ್ಲ. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಹೋಗಿ ಸಲ್ಲೇಖನ, ಅಂದರೆ ಊಟ ಬಿಟ್ಟು ಸಾವಿಗೆ ಕಾಯುವ ಜೈನ ವ್ರತ, ಹಿಡಿದು ಪ್ರಾಣ ಬಿಟ್ಟಳು ಅನ್ನುತ್ತದೆ.

ಹಾಗಂತ ಕಾದಂಬರಿಕಾರ ಅವಳನ್ನು ಬೆಟ್ಟದಿಂದ ಹಾರಿಸಲೇಬಾರದು ಅಂತ ನಾನು ಹೇಳುವುದಿಲ್ಲ. ಶಾಸನ ಸುಮ್ಮನಿರುವ ಕಡೆ ಕಥೆ ಕಟ್ಟುವ ಹಕ್ಕು ಅವನಿಗಿದೆ. ನನ್ನ ತಕರಾರು ಬೇರೆ. ಶಾಂತಲೆ 1123ರಲ್ಲಿ ಬೆಳಗೊಳದಲ್ಲಿ ಒಂದು ಬಸದಿ ಕಟ್ಟಿಸಿದಳು. ಅದಕ್ಕೆ ತನ್ನದೇ ಬಿರುದು ಇಟ್ಟಳು, ಸವತಿಗಂಧವಾರಣ ಅಂತ. ಸವತಿಯರ ಪಾಲಿಗೆ ಮದ್ದಾನೆ! ಇದನ್ನು ಕಲ್ಲಿನಲ್ಲಿ ಕೆತ್ತಿಸಿದ ಹೆಂಗಸು ಒಂದು ಅಧ್ಯಾಯದಲ್ಲಿ ಕಣ್ಣೀರು ಒರೆಸಿಕೊಂಡು 'ನನ್ನ ತಂಗಿಯಂತೆ ನೋಡಿಕೊಳ್ಳುತ್ತೇನೆ' ಅಂತ ಸವತಿಗೆ ಆರತಿ ಎತ್ತಿದರೆ ಓದುಗ ಹೇಗೆ ಒಪ್ಪಬೇಕು? ಆ ಹೆಮ್ಮೆಯ ಹೆಂಗಸು ಅಲ್ಲಿಯವರೆಗೆ ಬರಬೇಕಾದರೆ ಒಳಗೆ ಏನೇನು ಮುರಿದಿರಬೇಕು! ಅದನ್ನು ತೋರಿಸಿದರೆ ಕಾದಂಬರಿ ಗೆದ್ದಿತು. ತೋರಿಸದೆ ತ್ಯಾಗಮೂರ್ತಿ ಅಂತ ಹೂವು ಹಾಕಿ ಕೂರಿಸಿದರೆ ಸೋತಿತು.

ಇನ್ನೊಂದು ವಿಷಯ. ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನಳು. ಅವಳೂ ಕೊನೆಯವರೆಗೆ ಜೈನಳಾಗಿಯೇ ಇದ್ದಳು. ಗಂಡ ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದ ಅನ್ನುವುದು ಪರಂಪರೆಯ ಮಾತು. 1117ರಲ್ಲಿ ಬೇಲೂರಿನಲ್ಲಿ ಕೇಶವನ ಪ್ರತಿಷ್ಠೆ ಮಾಡಿಸಿದವನು ಅವನೇ. ಒಂದೇ ಮನೆಯಲ್ಲಿ ಮೂರು ಮತ. ಗಂಡ ಹೆಂಡಿರ ಮಧ್ಯೆ ಆ ಕಾಲವೇ ತಂದಿಟ್ಟ ಅಡ್ಡಿ ಅಂದರೆ ಇದು. ಸಂಜೆ ಯಾರ ಪೂಜೆ ಮೊದಲು? ಜೈನಳಾದ್ದರಿಂದ ಕತ್ತಲಾದ ಮೇಲೆ ಅವಳು ಊಟ ಮಾಡುವುದಿಲ್ಲ, ಅವನು ಸಭೆ ಮುಗಿಸಿ ಬರುವುದೇ ಕತ್ತಲಾದ ಮೇಲೆ. ಇಬ್ಬರೂ ಕೂತು ಉಣ್ಣುವುದು ಯಾವಾಗ? ಇಂಥ ಒಂದು ಪುಟ ಬರೆದವರಿಗೆ ನಾನು ಹತ್ತು ಟೊಮ್ಯಾಟೊ ಬೇಕಾದರೂ ಮಾಫಿ ಮಾಡುತ್ತೇನೆ.

ನಿಮ್ಮ ಗೂಳೂರಿನ ಪಕ್ಕದ ಕೈದಾಳದ್ದು ಬೇರೆಯೇ ಸಮಸ್ಯೆ. ಅಲ್ಲಿ ನಂಬಬಹುದಾದ ಇತಿಹಾಸವೇ ಕಡಿಮೆ, ಐತಿಹ್ಯ ಜಾಸ್ತಿ. ಶಿಲ್ಪಿ ಜಕಣಾಚಾರಿ ಹೊಸದಾಗಿ ಮದುವೆಯಾದ ಹೆಂಡತಿಯನ್ನು ಬಿಟ್ಟು ಗುಡಿ ಕಟ್ಟಲು ಹೋದ, ಹುಟ್ಟಿದ ಮಗ ಬೆಳೆದು ಅಪ್ಪನನ್ನು ಹುಡುಕಿಕೊಂಡು ಹೋಗಿ ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ದೋಷ ತೋರಿಸಿದ, ಕಲ್ಲೊಳಗೆ ಕಪ್ಪೆ ಸಿಕ್ಕಿತು, ಅಪ್ಪ ಕೈ ಕತ್ತರಿಸಿಕೊಂಡ, ಕೈದಾಳದಲ್ಲಿ ಗುಡಿ ಕಟ್ಟಿದ ಮೇಲೆ ಆ ಕೈ ಮತ್ತೆ ಬಂತು. ಎಲ್ಲರಿಗೂ ಗೊತ್ತಿರುವ ಕಥೆಯೇ. ಆದರೆ ಕೈದಾಳದ ಗುಡಿ ಕಟ್ಟಿಸಿದವನು ಬಾಚಿ ಅನ್ನುವ ಸ್ಥಳೀಯ ಸಾಮಂತ, 1150ರ ಸುಮಾರಿಗೆ, ಅಂತ ಅಲ್ಲಿನ ಶಾಸನದಲ್ಲಿದೆ. ಬೇಲೂರಿನಲ್ಲಿ ಶಿಲ್ಪಿಗಳು ಕೆತ್ತಿಕೊಂಡ ಹೆಸರುಗಳಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಸಿಗುತ್ತಾರೆ. ಜಕಣಾಚಾರಿಯನ್ನು ಬಹಳ ವಿದ್ವಾಂಸರು ಐತಿಹ್ಯದ ವ್ಯಕ್ತಿ ಅಂತಲೇ ನೋಡುತ್ತಾರೆ.

ಹೀಗಿರುವಾಗ ಇಸವಿ ಹಿಡಿದು ಕಾದಂಬರಿಯನ್ನು ಹೊಡೆಯುವುದರಲ್ಲಿ ಅರ್ಥವಿಲ್ಲ. ನಾನು ಕೇಳುವ ಪ್ರಶ್ನೆ ಒಂದೇ, ಆ ಹೆಂಡತಿ ಎಲ್ಲಿ? ಮಗ ಬೆಳೆದು ದೊಡ್ಡವನಾಗುವಷ್ಟು ವರ್ಷ ಅವಳು ಮನೆ ನಡೆಸಿದಳು. ಯಾರ ಆಸರೆಯಲ್ಲಿ? ಅತ್ತೆ ಮನೆಯವರು ಏನಂದರು? ಮಗ ಉಳಿ ಹಿಡಿದ ದಿನ ಅವಳಿಗೆ ಖುಷಿಯಾಯಿತೋ, ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತೋ? ಐತಿಹ್ಯ ಇದರ ಬಗ್ಗೆ ಬಾಯಿ ಬಿಡುವುದಿಲ್ಲ. ಪ್ರೇಮ ಕಾದಂಬರಿಗೆ ಜಾಗ ಇರುವುದೇ ಅಲ್ಲಿ. ಆ ವರ್ಷಗಳನ್ನೆಲ್ಲ 'ಕಾಲ ಉರುಳಿತು' ಅಂತ ಒಂದೇ ಸಾಲಿನಲ್ಲಿ ದಾಟಿಸಿದರೆ, ವಿಮರ್ಶೆಯಲ್ಲಿ ಅದನ್ನೇ ಹಿಡಿಯಿರಿ.

ದಾರಿಯ ಲೆಕ್ಕವನ್ನೂ ನೋಡಿ. ಇದನ್ನು ಮೇಷ್ಟ್ರುಗಳೂ ಮರೆಯುತ್ತಾರೆ. ಕೋಲಾರದಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 200 ಕಿಲೋಮೀಟರ್. ಎತ್ತಿನ ಗಾಡಿ ದಿನಕ್ಕೆ 20, 25 ಕಿಲೋಮೀಟರ್ ಹೋದರೆ ಹೆಚ್ಚು. ಅಂದರೆ ಎಂಟು ಹತ್ತು ದಿನದ ಪ್ರಯಾಣ. ಹೈದರಾಲಿ 1761ರಲ್ಲಿ ಶಿರಾ ಹಿಡಿದಾಗ ದಂಡಿನಲ್ಲಿದ್ದ ಗಂಡ ಬದುಕಿದ್ದಾನೋ ಇಲ್ಲವೋ ಅನ್ನುವುದು ಊರಿನ ಹೆಂಡತಿಗೆ ಗೊತ್ತಾಗಲು ಎಷ್ಟು ದಿನ ಬೇಕು? ಆ ತಡವೇ ಆ ಕಾಲದ ಪ್ರೇಮದ ಸಂಕಟ. ನಾಯಕ ರಾತ್ರೋರಾತ್ರಿ ಕುದುರೆ ಓಡಿಸಿಕೊಂಡು ಬಾಗಿಲು ತಟ್ಟಿದರೆ, ತಪ್ಪಿದ್ದು ಬರೀ ಭೂಗೋಳ ಅಲ್ಲ, ಅವಳು ಕಾಯಬೇಕಿದ್ದ ದಿನಗಳೂ ಹೋದವು.

ಮಾತುಗಳ ವಿಷಯ ಬೇಗ ಮುಗಿಸುತ್ತೇನೆ. 'ಪ್ರಾಣಕಾಂತಾ' ಅನ್ನುವ ನಾಟಕದ ಭಾಷೆಯೂ ಬೇಡ, 'ನನಗೆ ಸ್ವಲ್ಪ ಸ್ಪೇಸ್ ಕೊಡು' ಅನ್ನುವುದೂ ಬೇಡ. 12ನೇ ಶತಮಾನದ ವಚನಗಳನ್ನು ನಾವು ಈಗಲೂ ಓದಿ ಅರ್ಥ ಮಾಡಿಕೊಳ್ಳುತ್ತೇವೆ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನಿಗೆ ಒಲಿದಿದ್ದನ್ನು ಹೇಳಲು ಯಾವ ಆಡಂಬರವೂ ಬೇಕಾಗಲಿಲ್ಲ.

'ಆ ಕಾಲದ ಹೆಣ್ಣು ಹಾಗೆಲ್ಲ ಮಾತಾಡುತ್ತಿರಲಿಲ್ಲ' ಅಂತ ಯಾರಾದರೂ ಅಂದರೆ ತಕ್ಷಣ ತಲೆಯಾಡಿಸಬೇಡಿ. ಬಸದಿ ಕಟ್ಟಿಸಿದ, ದತ್ತಿ ಬಿಟ್ಟ ಹೆಂಗಸರು ಶಾಸನಗಳಲ್ಲಿ ಬೇಕಾದಷ್ಟು ಇದ್ದಾರೆ. ಹಾಗೆಯೇ, ಒಪ್ಪದ ಹುಡುಗಿಯನ್ನು ರಾಜ ಎತ್ತಿಕೊಂಡು ಹೋದದ್ದನ್ನು ಲೇಖಕ ಪ್ರೇಮ ಅಂತ ಕರೆದರೆ, 'ಕಾಲ ಹಾಗಿತ್ತು' ಅಂತ ಬಿಟ್ಟುಬಿಡಬೇಡಿ. ಕಾಲ ಹಾಗಿದ್ದಿರಬಹುದು. ಬರೆದವರು ನಮ್ಮ ಕಾಲದವರು, ಅವರನ್ನು ಕೇಳಬಹುದು.

ಇನ್ನು ಎಲ್ಲಿಂದ ಶುರು ಮಾಡುವುದು ಅಂದಿರಿ. ನಿಮಗೆ ಅಳು ಬಂದ ಪುಟದಿಂದಲೇ. ಆ ಪುಟವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ. ಆಮೇಲೆ ಅಳಿಸಿದ್ದು ಯಾವುದು ಅಂತ ಹೇಳಿ. ಆ ಇಬ್ಬರ ಸ್ಥಿತಿಯೋ, ಇಲ್ಲ ಸುಮ್ನೆ ಮಳೆ, ದೀಪ, ವೀಣೆ ಅಂತ ಜೋಡಿಸಿದ ಸಾಮಾನುಗಳೋ? ಪುಸ್ತಕದ ಹಿಂದೆ ಲೇಖಕರ ಟಿಪ್ಪಣಿ ಇದ್ದರೆ ಯಾವುದು ಶಾಸನದ್ದು, ಯಾವುದು ಕಲ್ಪನೆ ಅಂತ ಅವರು ಒಪ್ಪಿಕೊಂಡಿದ್ದಾರಾ ನೋಡಿ. ಮೇಷ್ಟ್ರು ಹಿಡಿದ ತಪ್ಪುಗಳಲ್ಲಿ ಕಥೆಗೆ ತಾಗಿದ ಒಂದೆರಡನ್ನು ಅವರ ಹೆಸರಲ್ಲೇ ಸೇರಿಸಿಕೊಳ್ಳಿ, ಅವರಿಗೂ ಖುಷಿಯಾಗುತ್ತೆ.

ಕಥೆಯನ್ನು ಪೂರ್ತಿ ಹೇಳಬೇಡಿ, ಆದರೆ ಕೊನೆಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದೂ ಬೇಡ. ಕೋಲಾರ ಜಿಲ್ಲೆಯ ಮಾಸ್ತಿಯವರ 'ಚಿಕವೀರ ರಾಜೇಂದ್ರ' 1956ರಲ್ಲಿ ಬಂದಾಗಲೂ, 1834ರಲ್ಲಿ ಬ್ರಿಟಿಷರು ಕೊಡಗಿನ ರಾಜನನ್ನು ಇಳಿಸಿದ್ದು ಗುಟ್ಟೇನೂ ಆಗಿರಲಿಲ್ಲ. ರಾಜ ರಾಣಿಯರ ಕೊನೆ ಹೇಳಿದರೆ ನಡೆಯುತ್ತೆ. ಲೇಖಕರು ತಾವೇ ಹುಟ್ಟಿಸಿದ ಜೋಡಿ ಇದ್ದರೆ ಮಾತ್ರ, ಅವರು ಸೇರಿದರೋ ಇಲ್ಲವೋ ಅನ್ನುವುದನ್ನು ಪುಸ್ತಕ ಓದದೇ ಬಂದವರಿಗೆ ಬಿಟ್ಟುಕೊಡಬೇಡಿ.