ಪಾಕ ಯಾರಿಗೂ ಕಾಯುವುದಿಲ್ಲ

"ಪುರ್ಸೊತ್ತೇ ಇಲ್ಲ ಕಣ್ ಸಾ."

ಮಂಡ್ಯ, ಮದ್ದೂರು, ಪಾಂಡವಪುರದ ಕಬ್ಬಿನ ಗದ್ದೆಗಳಲ್ಲಿ ಬೇಸಾಯದ ಸಲಹೆ ಹೇಳುತ್ತಾ ಓಡಾಡುವ ನನ್ನ ಕಿವಿಗೆ ದಿನಕ್ಕೆ ಹತ್ತು ಸಲ ಬೀಳುವ ಮಾತಿದು. ಸುಳ್ಳೇನಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದವರು ರಾತ್ರಿ ನೀರು ಕಟ್ಟಿ ಮನೆ ಸೇರುತ್ತಾರೆ. ಆದರೂ ಒಬ್ಬರ ಕಬ್ಬು ತೂಗುತ್ತದೆ, ಬದುವಿನಾಚೆಯವರದು ತೂಗುವುದಿಲ್ಲ. ದುಡಿದ ಗಂಟೆ ಎಣಿಸಿದರೆ ಇಬ್ಬರದೂ ಹೆಚ್ಚುಕಡಿಮೆ ಒಂದೇ.

ಇದು ಹೇಗೆಂದು ತಿಳಿಯಲು ಬೆಲ್ಲ ಮಾಡುವ ಆಲೆಮನೆಯಲ್ಲಿ ಅರ್ಧ ದಿನ ಕೂತರೆ ಸಾಕು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಸುಣ್ಣ, ಬೆಂಡೆ ಗಿಡದ ಲೋಳೆ ಹಾಕಿ ಮೇಲೆ ಬಂದ ಕೊಳೆ ತೆಗೆಯುತ್ತಾರೆ, ಒಲೆಗೆ ಸಿಪ್ಪೆ ನೂಕುತ್ತಾರೆ. ನೋಡುವವರಿಗೆ ಸುಮ್ಮನೆ ಕಾಲ ಕಳೆದಂತೆ. ಆಮೇಲೆ ಪಾಕ ನೋಡುವವರು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹೊರಳಿಸುತ್ತಾರೆ. ಗಟ್ಟಿ ಉಂಡೆಯಾಯಿತೋ, ಕೊಪ್ಪರಿಗೆ ಇಳಿಯಲೇಬೇಕು. ಥರ್ಮಾಮೀಟರ್ ಇಟ್ಟರೆ ಸುಮಾರು 118 ಡಿಗ್ರಿ ಸೆಲ್ಸಿಯಸ್; ಅವರ ಬೆರಳಿಗೆ ಅದರ ಹಂಗಿಲ್ಲ. ತುಸು ತಡವಾದರೆ ಸೀದು ಕಪ್ಪಾಗುತ್ತದೆ, ಅವಸರಪಟ್ಟರೆ ಬೆಲ್ಲ ಕಟ್ಟದೆ ಜಿನುಗುತ್ತದೆ. ಆ ಗಳಿಗೆಯಲ್ಲಿ ಅಚ್ಚು ಎಲ್ಲಿದೆ ಎಂದು ಯಾರೂ ಹುಡುಕುವುದಿಲ್ಲ. ಹಾಲು ಕಾಯುತ್ತಿದ್ದಾಗಲೇ ಎಲ್ಲ ತೊಳೆದು ಇಟ್ಟಾಗಿರುತ್ತದೆ.

ನಮ್ಮ ಜಿಲ್ಲೆಯಲ್ಲಿ ಸಮಯಪಾಲನೆ ಅಂದರೆ ವೇದಿಕೆಯ ಮೇಲೆ ವಿಶ್ವೇಶ್ವರಯ್ಯನವರನ್ನು ಕರೆತರುವುದು ವಾಡಿಕೆ. ನನಗೆ ಮಾತ್ರ ಈ ಪಾಕ ನೋಡುವವರೇ ಕಣ್ಣಮುಂದೆ ಬರುತ್ತಾರೆ. ಹದ ಅನ್ನುವ ಒಂದೇ ಮಾತಿನಲ್ಲಿ ಅವರು ಹೊತ್ತನ್ನೂ ಕೆಲಸವನ್ನೂ ಸೇರಿಸಿಬಿಡುತ್ತಾರೆ.

ಹದ ತಪ್ಪಿದ್ದನ್ನೂ ಕಂಡಿದ್ದೇನೆ. ಒಬ್ಬ ರೈತರು ಆಳು ಸಿಕ್ಕರೆಂದು ಮೊದಲು ಕಬ್ಬು ಕಡಿಸಿ, ಆಮೇಲೆ ಆಲೆಮನೆಯ ಸರದಿ ಕೇಳಲು ಹೊರಟರು. ನಾಲ್ಕು ದಿನ ಕಬ್ಬು ಬಿಸಿಲಲ್ಲಿ ಬಿದ್ದಿತ್ತು. ಅಷ್ಟೂ ದಿನ ಅವರು ಒಂದು ಗಳಿಗೆ ಕೂತವರಲ್ಲ. ಆದರೆ ಕಡಿದ ಕಬ್ಬಿನೊಳಗೆ ಕಿಣ್ವಗಳೂ ಕೂರುವುದಿಲ್ಲ! ಅವು ಬೆಲ್ಲ ಕಟ್ಟುವ ಸಕ್ಕರೆಯಾದ ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತವೆ. ನಾಲಿಗೆಗೆ ಸಿಹಿ ಸಿಹಿಯೇ, ಬೆಲ್ಲ ಮಾತ್ರ ಗಟ್ಟಿ ಕಟ್ಟುವುದಿಲ್ಲ. ಅದಕ್ಕೇ 24 ಗಂಟೆಯೊಳಗೆ ಗಾಣಕ್ಕೆ ಕೊಡಿ ಅನ್ನುವುದು. ಅಂದರೆ, ಸರದಿ ಗೊತ್ತಾದ ಮೇಲೆ ಕುಡುಗೋಲು.

ಕಳೆಯದ್ದೂ ಇದೇ ಕತೆ. ನಾಟಿಯಾದ ಮೊದಲ 120 ದಿನ ಹೊಲ ಚೊಕ್ಕಟವಾಗಿದ್ದರೆ ಆಮೇಲೆ ಕಬ್ಬೇ ನೆರಳು ಕಟ್ಟಿ ಕಳೆಯನ್ನು ಅಡಗಿಸುತ್ತದೆ. ಆರನೇ ತಿಂಗಳಲ್ಲಿ ಎಷ್ಟು ಬೆವರು ಸುರಿಸಿದರೂ ಕಳೆಗೆ ಸಿಕ್ಕಿ ಹೋದ ಕಬ್ಬಿನ ಬುಡದ ಮರಿಗಳು ಮತ್ತೆ ಒಡೆಯುವುದಿಲ್ಲ.

ನಾನೇನು ಸಾಚಾ ಅಲ್ಲ. ಫೋನು ಎತ್ತುತ್ತಾ, ಗುಡ್ ಮಾರ್ನಿಂಗಿಗೆ ಉತ್ತರ ಕೊಡುತ್ತಾ ಬೆಳಗಿನ ತಂಪು ಹೊತ್ತನ್ನು ಕಳೆದು, ಮಟಮಟ ಮಧ್ಯಾಹ್ನ ಗದ್ದೆಗೆ ಹೋದ ದಿನಗಳು ಬೇಕಾದಷ್ಟಿವೆ. ಈಗ ಕ್ಯಾಲೆಂಡರ್ ಹಾಳೆಯ ಹಿಂದೆ ಗೆರೆ ಎಳೆದು ಎರಡು ಪಾಲು ಮಾಡುತ್ತೇನೆ: ಹದ ತಪ್ಪಿದರೆ ಕೆಡುವಂಥವು ಒಂದು ಕಡೆ, ಯಾವಾಗಲಾದರೂ ನಡೆಯುವಂಥವು ಇನ್ನೊಂದು ಕಡೆ. ಎರಡನೆಯ ಪಾಲೇ ಉದ್ದ ಇರುತ್ತದೆ, ಸದ್ದೂ ಅದರದ್ದೇ ಜಾಸ್ತಿ.

ನಾಲೆಗೆ ಕಟ್ಟು ನೀರು, ಅಂದರೆ ಸರದಿಯ ನೀರು, ಬಿಡುವ ಹಿಂದಿನ ದಿನ ಒಬ್ಬ ಅಕ್ಕನ ಹೊಲಕ್ಕೆ ಹೋಗಿದ್ದೆ. ಬದು ಸರಿಮಾಡಿ, ಕಾಲುವೆ ಕೆರೆದು, ಗೊಬ್ಬರದ ಮೂಟೆಗೆ ಟಾರ್ಪಾಲು ಹೊದಿಸಿ, ಹೊಂಗೆ ಮರದಡಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು.

"ಏನಕ್ಕ, ಕೆಲಸ ಇಲ್ವಾ?" ಎಂದೆ.

"ನಾಳಿಕ್ಕೆ ಅದೆ ಕಣಪ್ಪ," ಅಂದರು.