ಒಂದೇ ತೋಟದ ಜಿನ್‌ಫ್ಯಾಂಡೆಲ್: ಗೊಂಚಲಿನ ಲೆಕ್ಕ ತಪ್ಪುವುದೆಲ್ಲಿ?

ಸೆಪ್ಟೆಂಬರ್ ನಡುವಿನಲ್ಲಿ ಕ್ಯಾಲಿಫೋರ್ನಿಯಾದ ಸೊನೊಮಾ ಕೌಂಟಿಯ ಡ್ರೈ ಕ್ರೀಕ್ ಕಣಿವೆಯಲ್ಲಿ ಜಿನ್‌ಫ್ಯಾಂಡೆಲ್ ಎಂಬ ವೈನ್ ದ್ರಾಕ್ಷಿಯ ಗೊಂಚಲೊಂದನ್ನು ಕತ್ತರಿಸಿ ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಬಿಸಿಲು ಬೀಳುವ ಬದಿಯಲ್ಲಿ ಏಳೆಂಟು ಕಾಳು ಆಗಲೇ ಮುದುಡಿ ಒಣದ್ರಾಕ್ಷಿಯಾಗಿವೆ. ನಡುವಿನವು ಕಪ್ಪಗೆ, ರಸ ತುಂಬಿಕೊಂಡು ಬಿಗಿಯಾಗಿವೆ. ಒಳಗೆ ದಂಟಿಗೆ ಒತ್ತಿಕೊಂಡವು ಇನ್ನೂ ಗುಲಾಬಿ, ಒಂದೆರಡು ಹಸಿರೇ. ಇದು ರೋಗವೂ ಅಲ್ಲ, ನೀರಿನ ಕೊರತೆಯೂ ಅಲ್ಲ. ತಳಿಯ ಹುಟ್ಟುಗುಣ. ವಿಜಯಪುರದ ಬೆಳೆಗಾರರು ಇಂಥ ಗೊಂಚಲು ನೋಡಿದರೆ ಚಾಟ್ನಿಯಲ್ಲೇ (ಕಡ್ಡಿ ಸವರುವುದರಲ್ಲೇ) ಎಡವಟ್ಟಾಗಿದೆ ಎಂದಾರು. ಇಲ್ಲಿ ವೈನ್ ಮಾಡುವವರು ಇದನ್ನೇ ಲೆಕ್ಕಕ್ಕೆ ಹಿಡಿದು ಕೆಲಸ ಶುರು ಮಾಡಬೇಕು.

ದೊಡ್ಡ ಕಂಪನಿಗೆ ಇದು ದೊಡ್ಡ ತೊಂದರೆಯಲ್ಲ. ಒಂದು ತೋಟದ ವೈನ್ ಮದ್ಯಸಾರ ಹೆಚ್ಚಾಗಿ ತೀರಾ ಖಾರವಾದರೆ ಇನ್ನೊಂದು ತೋಟದ ಹಗುರ ವೈನ್ ಬೆರೆಸಿ ಸರಿಮಾಡಬಹುದು. ಲೇಬಲ್ ಮೇಲೆ ತೋಟದ ಹೆಸರು ಹಾಕುವ ಸಣ್ಣ ಕುಟುಂಬದ ವೈನರಿಗೆ ಆ ದಾರಿ ಮುಚ್ಚಿದೆ. ಅಮೆರಿಕದ ನಿಯಮದ ಪ್ರಕಾರ ತೋಟದ ಹೆಸರು ಬಳಸಬೇಕಾದರೆ ವೈನ್‌ನ ಶೇ 95 ಭಾಗ ಆ ತೋಟದ ಹಣ್ಣಿನದೇ ಆಗಿರಬೇಕು. ತಳಿಯ ಹೆಸರಿಗೆ ಶೇ 75 ಸಾಕು. ಹಾಗಾಗಿ ಅದೇ ತೋಟದಲ್ಲಿ ಹಿಂದಿನವರು ಸಾಲಿನ ನಡುವೆ ನೆಟ್ಟ ಪೆಟೀಟ್ ಸಿರಾ, ಕ್ಯಾರಿಗ್ನಾನ್ ಬಳ್ಳಿಗಳ ಹಣ್ಣು ಬೆರೆತರೆ ಅಡ್ಡಿಯಿಲ್ಲ, ಅದು ಬಣ್ಣಕ್ಕೂ ಹುಳಿಗೂ ಒಳ್ಳೆಯದೇ. ಪಕ್ಕದ ತೋಟದ ಹಣ್ಣಿಗೆ ಮಾತ್ರ ಶೇ 5ಕ್ಕಿಂತ ಹೆಚ್ಚು ಜಾಗವಿಲ್ಲ. ಆದ್ದರಿಂದ ಕೊಯ್ಲಿನ ದಿನ ಆದ ತಪ್ಪು ಬಾಟಲಿಯವರೆಗೂ ಹಿಂಬಾಲಿಸುತ್ತದೆ.

ಆ ತಪ್ಪು ಬಹುಪಾಲು ಸಕ್ಕರೆಯ ಅಳತೆಯಲ್ಲಿ ಆಗುತ್ತದೆ. ಬೇರೆ ತಳಿಗಳಲ್ಲಿ ಸಾಲಿನುದ್ದಕ್ಕೂ ನಡೆದು ನೂರು ಕಾಳು ಕಿತ್ತು, ಹಿಂಡಿ, ಬ್ರಿಕ್ಸ್ (ರಸದಲ್ಲಿರುವ ಸಕ್ಕರೆಯ ಶೇಕಡಾವಾರು ಅಳತೆ) ನೋಡಿದರೆ ಸಾಕು. ಜಿನ್‌ಫ್ಯಾಂಡೆಲ್‌ನಲ್ಲಿ ಕೈ ತಾನಾಗಿ ದುಂಡಗಿನ ಕಾಳಿನ ಕಡೆಗೇ ಹೋಗುತ್ತದೆ, ಸಕ್ಕರೆ ತುಂಬಿಟ್ಟುಕೊಂಡಿರುವ ಮುದುಡಿದ ಕಾಳು ಬಳ್ಳಿಯಲ್ಲೇ ಉಳಿಯುತ್ತದೆ. ಅದಕ್ಕೆ ಇಡೀ ಗೊಂಚಲನ್ನೇ ಮಾದರಿಯಾಗಿ ತೆಗೆಯಬೇಕು. ಒಂದು ಬ್ಲಾಕಿಗೆ 20ರಿಂದ 30 ಗೊಂಚಲು, ಸಾಲಿನ ಎರಡೂ ಬದಿಯಿಂದ, ರಸ್ತೆ ಅಂಚಿನ ಬಳ್ಳಿಗಳನ್ನು ಬಿಟ್ಟು. ಬಕೆಟ್‌ನಲ್ಲಿ ಒಣದ್ರಾಕ್ಷಿ ಸಮೇತ ಚೆನ್ನಾಗಿ ಕಿವುಚಿ ಒಮ್ಮೆ ಅಳೆಯಿರಿ. ಆಮೇಲೆ ಮುಚ್ಚಿ ಫ್ರಿಜ್‌ನಲ್ಲಿಟ್ಟು, ಮರುದಿನ ಮತ್ತೆ ಕಿವುಚಿ ಅಳೆಯಿರಿ. ಮೊದಲ ದಿನ 24 ಇದ್ದದ್ದು ಮರುದಿನ 26 ಆಗುವುದು ಸಾಮಾನ್ಯ. ಒಣಗಿದ ಕಾಳು ರಸ ಹೀರಿ ಉಬ್ಬುತ್ತದೆ, ಒಳಗಿನ ಸಕ್ಕರೆಯನ್ನು ಹೊರಬಿಡುತ್ತದೆ. ಕೊಯ್ಲು ನಿರ್ಧರಿಸಬೇಕಾದದ್ದು ಈ ಎರಡನೇ ಅಂಕಿಯ ಮೇಲೆ. ಬ್ರಿಕ್ಸ್ ಒಂದಕ್ಕೆ ಸುಮಾರು ಶೇ 0.58ರಷ್ಟು ಮದ್ಯಸಾರ ಎಂದು ಹಿಡಿದರೆ, 26ಕ್ಕೆ ಶೇ 15 ಬರುತ್ತದೆ, 28ಕ್ಕೆ ಶೇ 16 ದಾಟುತ್ತದೆ. ಅಲ್ಲಿಂದ ಮುಂದೆ ಹಣ್ಣಿನ ಪರಿಮಳ ಮರೆಯಾಗಿ ಬಾಯಿ ಸುಡುವ ಖಾರವೇ ಉಳಿಯುತ್ತದೆ. ಮದ್ಯಸಾರ ಶೇ 16 ದಾಟಿದರೆ ತೆರಿಗೆಯ ದರವೂ ಏರುತ್ತದೆ.

ಈ ಏರುಪೇರನ್ನು ತೋಟದಲ್ಲೇ ಸ್ವಲ್ಪ ತಗ್ಗಿಸಬಹುದು. ಹಳೆಯ ತೋಟಗಳಲ್ಲಿ ತಂತಿ, ಚಪ್ಪರ ಯಾವುದೂ ಇಲ್ಲ. ಮೊಣಕಾಲೆತ್ತರದ ದಪ್ಪ ಕಾಂಡ, ಅದರ ಸುತ್ತ ಬಟ್ಟಲಿನ ಆಕಾರದಲ್ಲಿ ಆರೇಳು ಗಿಡ್ಡ ತೋಳು, ಪ್ರತಿ ತೋಳಿಗೆ ಎರಡು ಕಣ್ಣಿನ ಕಡ್ಡಿ. ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗಿದ್ದಾಗ ವರ್ಷಕ್ಕೊಂದೇ ಚಾಟ್ನಿ. ನಮ್ಮ ಕಡೆಯ ಏಪ್ರಿಲ್ ಮತ್ತು ಅಕ್ಟೋಬರ್ ಚಾಟ್ನಿಗಳ ಲೆಕ್ಕ ಇಲ್ಲಿಲ್ಲ. ಎಲೆ ಬಿಡಿಸುವುದಿದ್ದರೆ ಬೆಳಗಿನ ಬಿಸಿಲಿನ ಬದಿಯಲ್ಲಿ ಮಾತ್ರ. ಮಧ್ಯಾಹ್ನದ ಬದಿಯಲ್ಲಿ ಬಿಡಿಸಿದರೆ ಅಷ್ಟೂ ಕಾಳು ಸುಟ್ಟು ಒಣಗುತ್ತವೆ. ಕಾಯಿ ಬಣ್ಣ ತಿರುಗುವ ಹೊತ್ತಿನಲ್ಲಿ ಹಿಂದುಳಿದ ಗೊಂಚಲು ಕತ್ತರಿಸಿ ಹಾಕಬೇಕು. ದೊಡ್ಡ ಗೊಂಚಲಿನ ಹೆಗಲಿನಿಂದ ಹೊರಟ ರೆಕ್ಕೆಯನ್ನೂ ತೆಗೆಯಬೇಕು, ಅದು ಯಾವತ್ತೂ ಎರಡು ವಾರ ತಡ. ಪಕ್ಕದ ಕವಲುಗಳಲ್ಲಿ ಬರುವ ಎರಡನೇ ಫಸಲಿನ ಪುಟ್ಟ ಗೊಂಚಲುಗಳನ್ನು ಕೊಯ್ಯುವವರು ಅವಸರದಲ್ಲಿ ಕ್ರೇಟಿಗೆ ಹಾಕಿಬಿಡುತ್ತಾರೆ. ಮೊದಲೇ ನೆಲಕ್ಕೆ ಕೆಡವಿಬಿಟ್ಟರೆ ಆ ಚಿಂತೆ ಇರುವುದಿಲ್ಲ.

ಹೊಸದಾಗಿ ನೆಡುವವರು ತದ್ರೂಪು ಸಸಿಯ ಆಯ್ಕೆಯಲ್ಲಿ ಎಚ್ಚರ ವಹಿಸಲಿ. ಜಿನ್‌ಫ್ಯಾಂಡೆಲ್, ಇಟಲಿಯ ಪ್ರಿಮಿಟಿವೊ, ಕ್ರೊಯೇಷಿಯಾದ ತ್ಸರ್ಲ್ಯೆನಾಕ್ ಕಾಶ್ಟೆಲಾನ್‌ಸ್ಕಿ ಮೂರೂ ಒಂದೇ ತಳಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಕ್ಯಾರಲ್ ಮೆರೆಡಿತ್ ಮತ್ತು ಜಾಗ್ರೆಬ್ ವಿಶ್ವವಿದ್ಯಾಲಯದ ಇವಾನ್ ಪೆಯಿಚ್, ಎಡಿ ಮಾಲೆಟಿಚ್ 2001ರಲ್ಲಿ ಡಿಎನ್‌ಎ ಹೋಲಿಸಿ ಇದನ್ನು ಖಚಿತಪಡಿಸಿದರು. ತಳಿ ಒಂದೇ ಆದರೂ ಪ್ರಿಮಿಟಿವೊ ಹೆಸರಿನ ಸಸಿಗಳ ಗೊಂಚಲು ಸಡಿಲ, ಹಣ್ಣಾಗುವುದೂ ಬೇಗ. ಬಿಗಿ ಗೊಂಚಲಿನ ಒಳಗೆ ಕೊಳೆರೋಗ ಹಿಡಿಯುವ ತೇವದ ಜಾಗದಲ್ಲಿ ಇದು ದೊಡ್ಡ ಅನುಕೂಲ.

ಕೊಯ್ಲು ನಸುಕಿನಲ್ಲಿ, ಕೈಯಿಂದ. ಈ ಹಣ್ಣಿನ ಸಿಪ್ಪೆ ತೆಳು, ಆಳದ ಪೆಟ್ಟಿಗೆಗೆ ಸುರಿದರೆ ತಳದ ಹಣ್ಣು ದಾರಿಯಲ್ಲೇ ಒಡೆದು ರಸ ಬಿಡುತ್ತದೆ. 16–18 ಕಿಲೊ ಹಿಡಿಯುವ ಕ್ರೇಟು ಸಾಕು. ವಿಂಗಡಣೆ ಮೇಜಿನ ಮೇಲೆ ಕೊಳೆತದ್ದು, ಹಸಿರು, ಮುರಿದರೆ ಪಟ್ಟೆನ್ನುವಷ್ಟು ಒಣಗಿದ್ದು ಹೊರಗೆ. ಮೆತ್ತಗೆ ಸುಕ್ಕಾದದ್ದು ಒಳಗೇ ಇರಲಿ. ಜಿನ್‌ಫ್ಯಾಂಡೆಲ್‌ನ ಜಾಮಿನಂಥ ಗಾಢತೆ ಅದರಿಂದಲೇ ಬರುವುದು, ಎಲ್ಲವನ್ನೂ ಆರಿಸಿ ಎಸೆದರೆ ವೈನ್ ಸಪ್ಪೆ.

ದಂಟು ಬಿಡಿಸಿ, ಸಿಪ್ಪೆ ಸಮೇತದ ರಸಕ್ಕೆ 40–50 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಸಲ್ಫರ್ ಡೈಆಕ್ಸೈಡ್ ಕೊಟ್ಟು, ಎರಡು ದಿನ ತಂಪಾಗಿಡಿ. ನೀರು, ಆಮ್ಲ, ಈಸ್ಟ್ ಎಲ್ಲದರ ಲೆಕ್ಕವೂ ಈ ನೆನೆಯುವಿಕೆ ಮುಗಿದ ಮೇಲೆಯೇ. ಮೊದಲ ದಿನದ ಅಂಕಿ ನೋಡಿ ಆಮ್ಲ ಹಾಕಿದವರು ಎರಡು ಸಲ ಕೆಲಸ ಮಾಡಬೇಕಾಗುತ್ತದೆ, ಏಕೆಂದರೆ ಸಕ್ಕರೆಯ ಜೊತೆಗೆ ಪೊಟ್ಯಾಸಿಯಂ ಕೂಡ ಹೊರಬಂದು ಪಿಎಚ್ ಏರುತ್ತದೆ, ಅಂದರೆ ಹುಳಿಯ ಬಲ ಕುಗ್ಗುತ್ತದೆ. ಅಳತೆ 28ಕ್ಕೆ ಹೋಗಿದ್ದರೆ ನೀರು ಬೆರೆಸುವುದಕ್ಕೆ ನಾಚಬೇಕಿಲ್ಲ. ಹುದುಗು ಸರಾಗವಾಗಲೆಂದು ನೀರು ಸೇರಿಸಲು ನಿಯಮವೇ ಅವಕಾಶ ಕೊಟ್ಟಿದೆ, 22 ಬ್ರಿಕ್ಸ್‌ಗಿಂತ ಕೆಳಗಿಳಿಸಬಾರದು ಅಷ್ಟೆ. ಬಳ್ಳಿಯಲ್ಲಿ ಆರಿಹೋದ ನೀರನ್ನೇ ಮರಳಿ ಕೊಡುತ್ತಿದ್ದೇವೆ ಎಂದುಕೊಳ್ಳಿ. ಅರ್ಧ ಟನ್ ಹಣ್ಣಿನ ತೊಟ್ಟಿಯಲ್ಲಿ ಸುಮಾರು 300 ಲೀಟರ್ ರಸ ಇರುತ್ತದೆ. ಅದನ್ನು 28ರಿಂದ 25.5ಕ್ಕೆ ತರಲು 33 ಲೀಟರ್ ನೀರು ಬೇಕು. ಬರಿ ನೀರು ಹಾಕಿದರೆ ಹುಳಿಯೂ ತೆಳುವಾಗುತ್ತದೆ, ಆದ್ದರಿಂದ ಲೀಟರಿಗೆ 7 ಗ್ರಾಂ ಟಾರ್ಟಾರಿಕ್ ಆಮ್ಲ ಕರಗಿಸಿ ಹಾಕಿ, ಒಟ್ಟು 230 ಗ್ರಾಂ. ಕ್ಲೋರಿನ್ ಇಲ್ಲದ ನೀರೇ ಆಗಬೇಕು. ಕ್ಲೋರಿನ್ ಇದ್ದರೆ ಮುಂದೆ ತೇವ ಹಿಡಿದ ರಟ್ಟಿನ ವಾಸನೆ ಕಾಡೀತು.

ಇಷ್ಟು ಸಕ್ಕರೆಯಲ್ಲಿ ಈಸ್ಟ್ ದಣಿಯುತ್ತದೆ. ನೂರು ಲೀಟರಿಗೆ 30 ಗ್ರಾಂ ಒಣ ಈಸ್ಟನ್ನು 40 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 20 ನಿಮಿಷ ನೆನೆಸಿ. ಆಮೇಲೆ ಸ್ವಲ್ಪ ಸ್ವಲ್ಪವೇ ರಸ ಬೆರೆಸುತ್ತಾ, ತೊಟ್ಟಿಯ ಉಷ್ಣಾಂಶಕ್ಕೂ ಇದಕ್ಕೂ 10 ಡಿಗ್ರಿಗಿಂತ ಹೆಚ್ಚು ಅಂತರ ಇಲ್ಲದಂತೆ ಇಳಿಸಿ ಸೇರಿಸಿ. ಈಸ್ಟ್ ಬಳಸಬಲ್ಲ ಸಾರಜನಕ ಲೀಟರಿಗೆ 250 ಮಿಲಿಗ್ರಾಂ ಮುಟ್ಟುವಂತೆ ನೋಡಿಕೊಂಡು, ಪೋಷಕಾಂಶವನ್ನು ಸಕ್ಕರೆ ಮೂರನೇ ಒಂದು ಭಾಗ ಇಳಿಯುವಷ್ಟರಲ್ಲಿ ಕೊಟ್ಟು ಮುಗಿಸಿ. ತಡವಾಗಿ ಕೊಟ್ಟದ್ದನ್ನು ಈಸ್ಟ್ ತಿನ್ನುವುದಿಲ್ಲ, ಬ್ಯಾಕ್ಟೀರಿಯಾ ತಿನ್ನುತ್ತದೆ. ಮೇಲೇಳುವ ಸಿಪ್ಪೆಯ ಪದರವನ್ನು ದಿನಕ್ಕೆ ಮೂರು ಸಲ ಒತ್ತಿ ಮುಳುಗಿಸಬೇಕು, ಥರ್ಮಾಮೀಟರನ್ನು ಆ ಪದರದ ಒಳಗೇ ಚುಚ್ಚಿ ನೋಡಬೇಕು. 32 ಡಿಗ್ರಿ ದಾಟಲು ಬಿಡಬೇಡಿ. ಮೊದಲ ಎರಡು ದಿನ ನೊರೆ ಎದ್ದು ಹುದುಗು ಜೋರಾಗಿದ್ದರೂ ಸಕ್ಕರೆ ಅಳೆಯುವ ಹೈಡ್ರೋಮೀಟರಿನ ಅಂಕಿ ಇಳಿಯದೆ ನಿಂತಂತೆ ಕಂಡರೆ ಗಾಬರಿ ಬೇಡ. ಒಂದು ಕಡೆ ಈಸ್ಟ್ ಸಕ್ಕರೆ ತಿನ್ನುತ್ತಿದೆ, ಇನ್ನೊಂದು ಕಡೆ ಒಣಕಾಳು ಬಿಡುತ್ತಿದೆ.

ಹುದುಗು ಪೂರ್ತಿ ನಿಂತುಹೋದರೆ ಮಾತು ಬೇರೆ. 1975ರಲ್ಲಿ ನಾಪಾದ ಸಟರ್ ಹೋಮ್ ವೈನರಿಯಲ್ಲಿ ತಿಳಿಗೆಂಪು ಜಿನ್‌ಫ್ಯಾಂಡೆಲ್ ಹೀಗೆ ನಿಂತು ಸಿಹಿ ಉಳಿಯಿತು. ವೈಟ್ ಜಿನ್‌ಫ್ಯಾಂಡೆಲ್ ಎಂದು ಅದು ಜನಪ್ರಿಯವಾಗಿ, ಕಿತ್ತುಹಾಕಬಹುದಾಗಿದ್ದ ಎಷ್ಟೋ ಹಳೆಯ ಬಳ್ಳಿಗಳು ಉಳಿದುಕೊಂಡವು. ಕೆಂಪು ವೈನ್‌ನಲ್ಲಿ ಅಂಥ ಅದೃಷ್ಟವಿಲ್ಲ. ಉಳಿದ ಫ್ರಕ್ಟೋಸ್ ಸಕ್ಕರೆಯನ್ನು ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ತಿಂದು ವಿನೆಗರ್ ಘಾಟು ತರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕೆಂಪು ವೈನ್‌ಗೆ ಈ ಘಾಟು ಕೊಡುವ ಅಸಿಟಿಕ್ ಆಮ್ಲದ ಮಿತಿ ಲೀಟರಿಗೆ 1.2 ಗ್ರಾಂ, ಮೂಗಿಗೆ ಅದಕ್ಕೂ ಬಹಳ ಮೊದಲೇ ತಿಳಿಯುತ್ತದೆ.

ಮುಗಿಯಿತು ಎಂದುಕೊಂಡು ಹಿಂಡಿದ ಮೇಲೂ ಒಂದು ಆಪತ್ತಿದೆ. ತೊಟ್ಟಿಯಲ್ಲಿ ಹೈಡ್ರೋಮೀಟರಿನ ಅಂಕಿ ಶೂನ್ಯಕ್ಕಿಂತ ಕೆಳಗಿದ್ದ ವೈನ್, ಪ್ರೆಸ್‌ನಿಂದ ಹೊರಬಂದಾಗ ಮತ್ತೆ ಸಿಹಿಯಾಗಿರುತ್ತದೆ. ಪೂರ್ತಿ ಒಡೆಯದ ಒಣಕಾಳುಗಳ ಒಳಗೆ ಕೂತಿದ್ದ ಸಕ್ಕರೆ ಅದು. ಒಂದು ಹಿಡಿ ಸಿಪ್ಪೆ ತೆಗೆದು ಮುಷ್ಟಿಯಲ್ಲಿ ಬಲವಾಗಿ ಹಿಂಡಿ ರುಚಿ ನೋಡಿದರೆ ಮೊದಲೇ ಗೊತ್ತಾಗುತ್ತದೆ. ಸಿಹಿ ಇದ್ದರೆ ಇನ್ನೆರಡು ದಿನ ಕಾಯಿರಿ. ತಾನಾಗಿ ಹರಿದ ವೈನ್ ಮತ್ತು ಹಿಂಡಿದ ವೈನ್ ಬೇರೆ ಬೇರೆ ಇರಲಿ. ಎರಡನ್ನೂ ಬೆಚ್ಚಗೆ 20 ಡಿಗ್ರಿಯಲ್ಲಿಟ್ಟು, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸೇರಿ ಲೀಟರಿಗೆ 1 ಗ್ರಾಂಗಿಂತ ಕಡಿಮೆ ಎಂದು ಲ್ಯಾಬ್ ಹೇಳುವ ತನಕ ಮುಗಿಯಿತು ಎನ್ನಬೇಡಿ.

ಹಣ್ಣಿನ ಚೂಪು ಹುಳಿಯಾದ ಮ್ಯಾಲಿಕ್ ಆಮ್ಲ ಬ್ಯಾಕ್ಟೀರಿಯಾದಿಂದ ಮೃದುವಾದ ಲ್ಯಾಕ್ಟಿಕ್ ಆಮ್ಲವಾದ ಮೇಲೆ ಬ್ಯಾರೆಲ್‌ಗೆ ಸಲ್ಫರ್ ಡೈಆಕ್ಸೈಡ್. ಎಷ್ಟು ಎಂಬುದನ್ನು ಪಿಎಚ್ ಹೇಳುತ್ತದೆ. 3.4 ಇದ್ದರೆ ಮುಕ್ತ (ಯಾವುದಕ್ಕೂ ಅಂಟಿಕೊಳ್ಳದ) ಸಲ್ಫರ್ ಡೈಆಕ್ಸೈಡ್ 20 ಪಿಪಿಎಂ ಮಾಡುವ ರಕ್ಷಣೆಗೆ, 3.6ರಲ್ಲಿ 31 ಬೇಕು, 3.8ರಲ್ಲಿ ಸುಮಾರು 50. ಮಾಗಿದ ಜಿನ್‌ಫ್ಯಾಂಡೆಲ್ ಸಲೀಸಾಗಿ 3.8 ಮುಟ್ಟುತ್ತದೆ. 225 ಲೀಟರ್ ಬ್ಯಾರೆಲ್‌ಗೆ 30 ಪಿಪಿಎಂ ಸೇರಿಸಲು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಸುಮಾರು 12 ಗ್ರಾಂ. ಒಂದಿಷ್ಟು ಭಾಗ ಬಂಧಿತವಾಗಿಬಿಡುವುದರಿಂದ, ಕೆಲವು ದಿನ ಬಿಟ್ಟು ಮತ್ತೆ ಅಳೆಯಬೇಕು.

ಶೇ 95ರ ನಿಯಮ ಗೊತ್ತಿಲ್ಲದೆ ಮುರಿಯುವುದು ಹೆಚ್ಚಾಗಿ ಇಲ್ಲೇ. ಬ್ಯಾರೆಲ್‌ನ ಮರದ ಮೂಲಕ ವೈನ್ ಆರುತ್ತದೆ, ಗಾಳಿ ಸೇರದಂತೆ ಅದನ್ನು ಮೇಲಿನಿಂದ ತುಂಬುತ್ತಲೇ ಇರಬೇಕು. ಒಣಹವೆಯ ನೆಲಮಾಳಿಗೆಯಲ್ಲಿ ತಿಂಗಳಿಗೆ ಒಂದು ಲೀಟರ್ ಹೋದರೆ 14 ತಿಂಗಳಿಗೆ 14 ಲೀಟರ್. 225 ಲೀಟರಿನ ಶೇ 5 ಎಂದರೆ 11.25 ಲೀಟರ್. ಕೈಗೆ ಸಿಕ್ಕ ಬೇರೆ ವೈನ್‌ನಿಂದ ತುಂಬುತ್ತಾ ಹೋದರೆ ವರ್ಷ ಮುಗಿಯುವಷ್ಟರಲ್ಲಿ ತೋಟದ ಹೆಸರು ಕೈತಪ್ಪುತ್ತದೆ. ಒಂದು ಎಕರೆ ಹಳೆಯ ಬಳ್ಳಿಯಿಂದ ಎರಡೂವರೆ ಟನ್ ಬಂದರೆ ಆರು ಬ್ಯಾರೆಲ್ ತುಂಬಿ ಸ್ವಲ್ಪ ಮಿಗುತ್ತದೆ. ಆ ಮಿಗತೆಯನ್ನು ಮಾರಬೇಡಿ, ಹಿಂಡಿದ ವೈನ್‌ಗೂ ಬೆರೆಸಬೇಡಿ. 19 ಲೀಟರಿನ ಸ್ಟೀಲ್ ಕ್ಯಾನ್‌ಗಳಲ್ಲಿ ಕತ್ತಿನವರೆಗೆ ತುಂಬಿ, ತೋಟದ ಹೆಸರು ಬರೆದಿಡಿ. ಒಂದು ಕ್ಯಾನ್ ತೆರೆದ ದಿನ ಉಳಿದದ್ದನ್ನು ಚಿಕ್ಕ ಬಾಟಲಿಗಳಿಗೆ ಬಗ್ಗಿಸಿ, ಅರ್ಧ ಖಾಲಿ ಪಾತ್ರೆ ಒಂದು ರಾತ್ರಿಯೂ ಇರಬಾರದು.

ಲೇಬಲ್ ಅಚ್ಚಿಗೆ ಕೊಡುವುದು ಕೊನೆಯ ಲ್ಯಾಬ್ ವರದಿ ಕೈಸೇರಿದ ಮೇಲೆ. ಮದ್ಯಸಾರ ಶೇ 14ರ ಮೇಲಿರುವ ವೈನ್‌ಗೆ ನಮೂದಿಸಿದ ಅಂಕಿಗೂ ನಿಜವಾದ ಅಂಕಿಗೂ ಶೇಕಡಾ ಒಂದು ಅಂಶದ ವ್ಯತ್ಯಾಸಕ್ಕೆ ಮಾತ್ರ ಅವಕಾಶ. ಒಣಹವೆಯ ನೆಲಮಾಳಿಗೆಯಲ್ಲಿ ಮದ್ಯಸಾರಕ್ಕಿಂತ ನೀರೇ ಹೆಚ್ಚು ಆರುವುದರಿಂದ, ಬ್ಯಾರೆಲ್‌ಗೆ ಇಳಿಸಿದ ದಿನ 15.6 ಇದ್ದದ್ದು ಬಾಟಲಿಗೆ ಹೋಗುವಾಗ ಅಷ್ಟೇ ಇರುತ್ತದೆ ಎಂದು ನಂಬಿ ಅಚ್ಚು ಹಾಕಿಸಬೇಡಿ.