ಅಡಕೆ ತೋಟಕ್ಕೆ ಹೋದರೆ ಇಂಗ್ಲಿಷ್ ಕೆಡುತ್ತದೆಯೇ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಶಾಲೆಯಲ್ಲಿ ಮೂರನೆಯ ತರಗತಿ ಓದುವ ನನ್ನ ಮಗಳಿಗೆ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಅಡಕೆ ಕೊಯ್ಲು, ಜಾತ್ರೆ, ಭೂಮಿ ಹುಣ್ಣಿಮೆ ಎಂದೇ ಪಾಠ ನಡೆಯುತ್ತಿದೆ. ಹೀಗಾದರೆ ಅವಳು ಸರಿಯಾದ ಇಂಗ್ಲಿಷ್ ಕಲಿಯುವುದು ಯಾವಾಗ?

ಉತ್ತರ: ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಆರಂಭವಾದದ್ದು 2007ರಲ್ಲಿ. ಅಂದಿನಿಂದಲೂ ಜೂನ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ, ನನ್ನ ಉತ್ತರವೂ ಬದಲಾಗಿಲ್ಲ: ಶಿಕ್ಷಕರು ಸರಿಯಾಗಿಯೇ ಕಲಿಸುತ್ತಿದ್ದಾರೆ.

ಇಂಗ್ಲಿಷ್ ಬರಬೇಕಾದರೆ ಹಿಮ, ಸ್ಟ್ರಾಬೆರಿ, ಹೊಗೆಕೊಳವೆಯ ಮನೆ ಎಲ್ಲವೂ ಜೊತೆಗೆ ಬರಲೇಬೇಕೆಂಬ ನಂಬಿಕೆ ಎಷ್ಟು ಹೇಳಿದರೂ ಅಳಿಯುತ್ತಿಲ್ಲ. ಆಗುಂಬೆಯ ಮಗುವಿಗೆ ಹಿಮಮಾನವನ ಚಿತ್ರ ತೋರಿಸಿ ಪಾಠ ಆರಂಭಿಸಿದರೆ, ಅದು ಕಾಣದ ವಸ್ತುವನ್ನೂ ಕೇಳದ ಪದವನ್ನೂ ಒಟ್ಟಿಗೇ ಅರಗಿಸಿಕೊಳ್ಳಬೇಕಾಗುತ್ತದೆ. ಅಡಕೆಗೆ ಕೊಳೆರೋಗ ಬಾರದಂತೆ ಕೊನೆಗಾರ ಮರವೇರಿ ಮದ್ದು ಹೊಡೆಯುವುದನ್ನು ಕಂಡ ಮಗುವಿಗೆ ಅದನ್ನೇ ಇಂಗ್ಲಿಷಿನಲ್ಲಿ ಹೇಳುವಾಗ ಹೊಸದಾಗಿರುವುದು ವಾಕ್ಯವೊಂದೇ.

ಇದು ನನ್ನೊಬ್ಬನ ಹಟವಲ್ಲ. ಸ್ಟೆಫೆನ್ಸೆನ್, ಜೋಗ್-ದೇವ್ ಮತ್ತು ಆ್ಯಂಡರ್ಸನ್ ಎಂಬ ಸಂಶೋಧಕರು 1979ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಭಾರತೀಯರಿಗೂ ಅಮೆರಿಕನ್ನರಿಗೂ ಇಂಗ್ಲಿಷಿನಲ್ಲೇ ಬರೆದ ಎರಡು ಪತ್ರಗಳನ್ನು ಓದಲು ಕೊಡಲಾಯಿತು; ಒಂದರಲ್ಲಿ ಭಾರತದ ಮದುವೆ, ಇನ್ನೊಂದರಲ್ಲಿ ಅಮೆರಿಕದ ಮದುವೆ. ಎರಡೂ ಗುಂಪಿನವರು ತಮ್ಮ ಕಡೆಯ ಮದುವೆಯನ್ನು ಬೇಗ ಓದಿ ಹೆಚ್ಚು ನೆನಪಿಟ್ಟುಕೊಂಡರು. ಅಮೆರಿಕದ ವಧು ಅಜ್ಜಿಯ ಮದುವೆಯ ಉಡುಪನ್ನು ತೊಟ್ಟದ್ದು ಅಲ್ಲಿ ಗೌರವದ ಸಂಗತಿ. ಭಾರತೀಯ ಓದುಗರೊಬ್ಬರು ಅದನ್ನು ಹಳತಾಗಿ ಫ್ಯಾಶನ್ ತಪ್ಪಿದ ಉಡುಪೆಂದು ತಿಳಿದರು. ಇಂಗ್ಲಿಷ್ ಬಲ್ಲ ವಯಸ್ಕರ ಪಾಡೇ ಇದಾದರೆ ಎಂಟು ವರ್ಷದ ಮಗುವನ್ನು ದೂರಬೇಕೇ?

ವ್ಯಾಕರಣವೂ ಇದರಿಂದ ಸೊರಗುವುದಿಲ್ಲ. ಸಕ್ರೆಬೈಲಿನ ಆನೆ ಬಿಡಾರವನ್ನು ನೆನೆದು 'ದಿ ಮಾಹುತ್ ವಾಷಸ್ ದಿ ಎಲಿಫೆಂಟ್' ಎನ್ನುವ ಮಗು ಕ್ರಿಯಾಪದಕ್ಕೆ ಹಚ್ಚುವ ಪ್ರತ್ಯಯ ಲಂಡನ್ನಿನ ಮಗು ಹಚ್ಚುವುದೇ. ರಾಜಾ, ರಾಣಿ, ರೋರರ್, ರಾಕೆಟ್ ಎಂಬ ಜೋಗದ ನಾಲ್ಕು ಕವಲುಗಳಲ್ಲಿ ಯಾವುದು ಹೆಚ್ಚು ಭೋರ್ಗರೆಯುತ್ತದೆ ಎಂದು ಕೇಳಿದರೆ ತರ-ತಮ ಭಾವದ ವಿಶೇಷಣಗಳ ಪಾಠ ತಾನಾಗಿ ಆರಂಭವಾಗುತ್ತದೆ. ಹಿಮದ ಕಥೆ ಬೇಡವೆಂದಲ್ಲ, ಅದು ಆಮೇಲೆ ಬರಲಿ. ಜಾತ್ರೆಯ ಮಾತು ಪೀರಿಯಡ್ ಮುಗಿಯುವವರೆಗೂ ಕನ್ನಡದಲ್ಲೇ ನಡೆದರೆ ಮಾತ್ರ ನಿಮ್ಮ ದೂರು ನ್ಯಾಯವಾದದ್ದು.

ನೀವು ಕೇಳದ, ಆದರೆ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆಯಿದೆ: ಸ್ಥಳೀಯ ಎಂದರೆ ಯಾರ ಮನೆಯದು? ತೋಟವುಳ್ಳವರ ಮಗುವಿಗೆ ಕೊಯ್ಲೆಂದರೆ ಅಂಗಳದ ಸಡಗರ, ಅದೇ ಬೆಂಚಿನಲ್ಲಿ ಕುಳಿತ ಇನ್ನೊಂದು ಮಗುವಿಗೆ ಅಮ್ಮ ರಾತ್ರಿಯವರೆಗೆ ಅಡಕೆ ಸುಲಿಯುವ ಕೂಲಿ. ಶಿಕಾರಿಪುರದ ತಾಂಡಾದಲ್ಲಿ ಲಂಬಾಣಿಯೂ ಶಿವಮೊಗ್ಗದ ಎಷ್ಟೋ ಮನೆಗಳಲ್ಲಿ ಉರ್ದು, ತಮಿಳೂ ಮನೆಮಾತು. ಆದ್ದರಿಂದ ಶಿಕ್ಷಕರು ಒಂದೇ ಹಬ್ಬವನ್ನು ಊರಿನ ಸಂಸ್ಕೃತಿಯೆಂದು ಹಲಗೆಯ ಮೇಲೆ ಬರೆಯುವ ಮೊದಲು, ನಿನ್ನೆ ಸಂಜೆ ನಿಮ್ಮ ಮನೆಯಲ್ಲಿ ಯಾರು ಏನು ಮಾಡಿದರು ಎಂದು ಪ್ರತಿ ಮಗುವನ್ನೂ ಕೇಳಲಿ. ಭೂತಕಾಲದ ಪಾಠಕ್ಕೆ ಬೇಕಾದ ವಾಕ್ಯಗಳು ಆ ಉತ್ತರಗಳಲ್ಲೇ ಸಿಗುತ್ತವೆ.